ತಂತಿಯ ವೇಗವೂ ಬರೆದ ವೇಗವೂ

2003ರ ಮಾತು. ಮುಂಬಯಿಯ ನಮ್ಮ ಕಚೇರಿಗೂ ಪುಣೆಯ ಶಾಖೆಗೂ ನಡುವೆ ಎರಡು ಬಾಡಿಗೆ ತಂತಿಗಳಿದ್ದುವು: ಸೆಕೆಂಡಿಗೆ 64 ಕಿಲೋಬಿಟ್ಟಿನ ಹಳೆಯದೊಂದು, 2048 ಕಿಲೋಬಿಟ್ಟಿನ ಹೊಸದೊಂದು. ಹೊಸದು ಬಂದ ಮೇಲೂ ಸಂಬಳದ ಲೆಕ್ಕ ನೋಡುವ ಅಕ್ಕನವರ ಕಡತ ಪುಣೆ ಮುಟ್ಟಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತಿತ್ತು. ಪಕ್ಕದ ಮೇಜಿನವರ ಅಷ್ಟೇ ದೊಡ್ಡ ಕಡತ ನಿಮಿಷದೊಳಗೆ ಹೋಗುತ್ತಿತ್ತು. ದೂರೆಲ್ಲ ಅಕ್ಕನವರ ತಲೆಯ ಮೇಲೆ ಬಿತ್ತು. ಅವರಿಗೆ ಕೆಲಸವೇ ಬಾರದೆಂಬ ಮಾತೂ ಹುಟ್ಟಿತು.

ಕಡತಗಳನ್ನು ಯಾವ ದಾರಿಗೆ ಬಿಡಬೇಕೆಂದು ತೀರ್ಮಾನಿಸುವ ಯಂತ್ರಕ್ಕೆ ರೌಟರೆಂದು ಹೆಸರು. ನಾವು ಅದನ್ನೇ ಕೇಳಿದೆವು. ಎರಡೂ ತಂತಿಗಳ ವೇಗ 1544 ಕಿಲೋಬಿಟ್ಟೆಂದು ಅದು ತೋರಿಸಿತು. ಹಳೆಯ ತಂತಿಯ ಹೊರೆ 255ರಲ್ಲಿ ಬರೀ 10. ತಂತಿ ಖಾಲಿಯೇ ಇದೆಯೆಂದುಕೊಂಡು ನಾವು ಎರಡು ದಿನ ಅಕ್ಕನವರ ಕಂಪ್ಯೂಟರನ್ನು ಬಿಚ್ಚಿ ನೋಡಿದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

1544 ಎಂಬುದು ಅಮೆರಿಕದ ಟಿ-ಒನ್ ತಂತಿಯ ವೇಗ. ಯಾರೂ ಏನೂ ಹೇಳದಿದ್ದರೆ ಸಿಸ್ಕೋ ರೌಟರುಗಳು ಸೀರಿಯಲ್ ತಂತಿಗೆ ಸಾಮಾನ್ಯವಾಗಿ ಈ ಅಂಕಿಯನ್ನೇ ಬರೆದುಕೊಂಡಿರುತ್ತವೆ. ಅದು ಅಳೆದ ವೇಗವಲ್ಲ. ಒಂದು ಸೇರಿನ ಪಾತ್ರೆಯ ಮೇಲೆ ಎರಡು ಸೇರೆಂದು ಬರೆದರೆ ಹಾಲು ಹೆಚ್ಚೀತೆ? ನಿಜವಾದ ವೇಗವನ್ನು ಕಟ್ಟುವುದು ಕ್ಲಾಕ್. ಬಾಡಿಗೆ ತಂತಿಯಲ್ಲಿ ಅದು ಮೋಡೆಮಿನ ಕಡೆಯಿಂದ ಬರುತ್ತದೆ. ಎರಡು ರೌಟರುಗಳನ್ನು ಮೇಜಿನ ಮೇಲೆ ನೇರವಾಗಿ ಜೋಡಿಸಿದರೆ ಡಿ.ಸಿ.ಇ. ತುದಿಯಲ್ಲಿ ನಾವೇ ಇಡಬೇಕು.

ಹಾಗೆಂದು ಬರೆದ ಅಂಕಿ ವ್ಯರ್ಥವಲ್ಲ. ದಾರಿ ಆರಿಸುವ ಓ.ಎಸ್.ಪಿ.ಎಫ್. ಪದ್ಧತಿ 1,00,000 ಕಿಲೋಬಿಟ್ಟನ್ನು ಆ ಅಂಕಿಯಿಂದ ಭಾಗಿಸಿ ದಾರಿಯ ಖರ್ಚನ್ನು ಲೆಕ್ಕ ಹಾಕುತ್ತದೆ. ಎರಡಕ್ಕೂ 1544 ಇದ್ದುದರಿಂದ ಎರಡರ ಖರ್ಚೂ 64 ಆಗಿತ್ತು. ಎರಡು ದಾರಿಗಳೂ ಸಮವೆಂದು ನಂಬಿದ ರೌಟರು ಒಂದೊಂದು ಕಂಪ್ಯೂಟರನ್ನು ಒಂದೊಂದು ದಾರಿಗೆ ಹಂಚಿಬಿಟ್ಟಿತ್ತು. ಅಕ್ಕನವರ ಪಾಲಿಗೆ ಹಳೆಯದು ಬಿದ್ದಿತ್ತು. ಹೊರೆ 10 ಎಂದದ್ದೂ 1544ಕ್ಕೆ ಹೋಲಿಸಿಯೇ. ಅದೇ ಪರದೆಯಲ್ಲಿ ಕೆಳಗಿದ್ದ ಐದು ನಿಮಿಷದ ಸರಾಸರಿಯನ್ನು ನಾವು ಓದಿರಲಿಲ್ಲ: ಸೆಕೆಂಡಿಗೆ 64,000 ಬಿಟ್ಟಿನ ಸಮೀಪ. ತಂತಿ ಭರ್ತಿಯಾಗಿ ತುಳುಕುತ್ತಿತ್ತು!

ಎರಡೂ ಊರುಗಳ ರೌಟರುಗಳಲ್ಲಿ 64, 2048 ಎಂದು ಸರಿಯಾಗಿ ಬರೆಸಿದೆವು. ಖರ್ಚು 1562 ಮತ್ತು 48 ಆಯಿತು. ಕಡತಗಳೆಲ್ಲ ಹೊಸ ತಂತಿಗೆ ತಿರುಗಿದುವು. ಹಳೆಯದು ಆಪತ್ತಿಗೆಂದು ಉಳಿಯಿತು.

ಸಂಜೆ ಅಕ್ಕನವರ ಕಡತವೂ ನಿಮಿಷದೊಳಗೆ ಪುಣೆ ಮುಟ್ಟಿತು. ಅವರು ನಮ್ಮತ್ತ ತಿರುಗಿ, "ಹಾಗಾದರೆ ಎರಡು ದಿನ ನನ್ನ ಕಂಪ್ಯೂಟರಿನೊಳಗೆ ಏನು ಹುಡುಕುತ್ತಿದ್ದಿರಪ್ಪಾ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.