ಪಂಚಮಿಯ ರೊಟ್ಟಿ: ಪುಸ್ತಕದಲ್ಲಿಲ್ಲದ ಪಾಠ

ಶ್ರಾವಣ ಕಾಲಿಟ್ಟಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ನಸುಕಿನಲ್ಲೇ ಪಟ ಪಟ ಸಪ್ಪಳ ಕೇಳಿಬರುತ್ತದೆ. ಅದು ರೊಟ್ಟಿ ಬಡಿಯುವ ಸಪ್ಪಳ. ನಾಗರ ಪಂಚಮಿಗೆ ಒಂದೆರಡು ದಿನ ಮೊದಲು ಬರುವ ‘ರೊಟ್ಟಿ ಪಂಚಮಿ’ಗೆ ಬುಟ್ಟಿ ತುಂಬಬೇಕಲ್ಲ!

ಈ ರೊಟ್ಟಿ ಮನೆಯವರು ತಿನ್ನುವುದಕ್ಕಷ್ಟೇ ಅಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೆಳ್ಳಗಿನ ಬಿಳಿಜೋಳದ ರೊಟ್ಟಿ. ಅವುಗಳ ಮೇಲೆ ಮಡಕಿಕಾಳು, ಹೆಸರುಕಾಳಿನ ಪಲ್ಯ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಇಷ್ಟನ್ನೂ ಇಟ್ಟುಕೊಂಡು ಓಣಿಯ ಮನೆಮನೆಗೆ ಬೀರುವುದು ಅಂದಿನ ಪದ್ಧತಿ. ಕೊಟ್ಟ ಮನೆಯಿಂದ ತಾಟು ಬರಿದಾಗಿ ಮರಳುವುದಿಲ್ಲ. ಆ ಮನೆಯ ರೊಟ್ಟಿ ಅದರಲ್ಲಿರುತ್ತದೆ. ಸಂಜೆಯ ಹೊತ್ತಿಗೆ ಒಂದೊಂದು ಬುಟ್ಟಿಯಲ್ಲೂ ಹತ್ತಾರು ಮನೆಗಳ ಕೈಗುಣ ಸೇರಿರುತ್ತದೆ. ಇದು ದಪ್ಪ, ಇದು ತೆಳುವು, ಇದು ಇಂಥವರ ಮನೆಯದೇ ಎಂದು ಕಣ್ಣು ಮುಚ್ಚಿ ಹೇಳುವ ಹಿರಿಯರು ಪ್ರತಿ ಓಣಿಯಲ್ಲೂ ಇರುತ್ತಾರೆ.

ಒಂದೇ ಹಿಟ್ಟು, ಒಂದೇ ನೀರು, ಒಂದೇ ಹಂಚು. ಆದರೂ ಮನೆಗೊಂದು ರುಚಿ ಏಕೆ? ಉತ್ತರ ಅಡುಗೆ ಪುಸ್ತಕದಲ್ಲಿ ಸಿಗುವುದಿಲ್ಲ. ಈ ರೊಟ್ಟಿಗೆ ಬರೆದಿಟ್ಟ ಅಳತೆಯೇ ಇಲ್ಲ.

ಹಿಟ್ಟಿನ ಗುಟ್ಟು

ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಉಂಟು. ನೀರು ತಾಗಿದೊಡನೆ ಅದು ಹಿಗ್ಗಿ ಬಲೆಯಂತೆ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಬೇಕರಿಯ ಬ್ರೆಡ್ಡು ಉಬ್ಬುವುದೂ ಚಪಾತಿ ಹರಿಯದೆ ಲಟ್ಟಣಿಗೆಗೆ ಒಗ್ಗುವುದೂ ಇದರಿಂದಲೇ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಪುಡಿಪುಡಿಯಾಗಿ ಬಿರಿಯುತ್ತದೆ.

ಇದಕ್ಕೆ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯವೇ ಕುದಿಯುವ ಎಸರು. ಬಿಸಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಆ ಅಂಟೇ ಇಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಮಾಡುತ್ತದೆ. ನೀರು ಕಡಿಮೆಯಾದರೆ ಅಂಚು ಸೀಳುತ್ತದೆ. ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅದರ ಎಣ್ಣೆಯಂಶ ಕೆಟ್ಟು ಕಹಿಯೂ ಬರುತ್ತದೆ. ಆದ್ದರಿಂದಲೇ ಹಬ್ಬದ ಮುನ್ನಾದಿನ ಗಿರಣಿಯ ಮುಂದೆ ಡಬ್ಬಿಗಳ ಸಾಲು.

ಕಲಸಿ ನಾದಿದ ಹಿಟ್ಟನ್ನು ಅಂಗೈಯಿಂದ ಬಡಿದು, ತಿರುಗಿಸುತ್ತ ಅಗಲ ಮಾಡಿ, ಕಾದ ಹಂಚಿಗೆ ಹಾಕುತ್ತಾರೆ. ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಇದರಿಂದ ಮೇಲಿನ ಒಣ ಹಿಟ್ಟು ಕರಗಿ ಪದರ ಕೂಡಿಕೊಳ್ಳುತ್ತದೆ, ಬಿರುಕು ಬಿಡುವುದಿಲ್ಲ. ತಿರುವಿ ಹಾಕಿ ಕೆಂಡದ ಮುಂದೆ ಹಿಡಿದಾಗ ಒಳಗಿನ ತೇವ ಆವಿಯಾಗಿ ರೊಟ್ಟಿ ಪುರಿಯಂತೆ ಉಬ್ಬುತ್ತದೆ. ಹಾಗೆಯೇ ತಿಂದರೆ ಬಿಸಿರೊಟ್ಟಿ. ಒಲೆಯ ಬದಿಗೆ ಆನಿಸಿಟ್ಟು ನೀರಿನ ಅಂಶವನ್ನೆಲ್ಲ ಒಣಗಿಸಿದರೆ ಕಡಕ್ ರೊಟ್ಟಿ. ತೇವವಿಲ್ಲದಲ್ಲಿ ಬೂಸು ಬೆಳೆಯದು. ಹಾಗಾಗಿ ಅದು ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ ಒಯ್ಯುವ ಬುತ್ತಿಗೆ, ದೂರದ ಜಾತ್ರೆಗೆ, ಹಾಸ್ಟೆಲಿಗೆ ಹೊರಟ ಮಗನ ಚೀಲಕ್ಕೆ ಇದಕ್ಕಿಂತ ಒಳ್ಳೆಯ ಸಂಗಾತಿ ಯಾವುದು?

ಇಷ್ಟರಲ್ಲಿ ಎಲ್ಲಿಯೂ ಗ್ರಾಂ ಇಲ್ಲ, ನಿಮಿಷವಿಲ್ಲ. ‘ಹದ’ ಎಂಬ ಒಂದೇ ಮಾತು. ಅದನ್ನು ಅವ್ವನ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಕಾಳಿನ ಪಯಣ

ರೊಟ್ಟಿ ಊಟವನ್ನು ಈ ನೆಲದ ಸನಾತನ ಆಸ್ತಿಯೆಂದು ಭಾವಿಸುವುದುಂಟು. ತಾಟನ್ನು ಬಿಡಿಸಿ ನೋಡಿದರೆ ಕಥೆ ಬೇರೆ. ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ. ಸಾವಿರಾರು ವರ್ಷಗಳ ಹಿಂದೆ ಇತ್ತ ಬಂತು. ಸಜ್ಜೆಯೂ ಅಲ್ಲಿಯದೇ. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿ ಈ ಎರೆ ಭೂಮಿಗೆ ಎಷ್ಟು ಒಗ್ಗಿತೆಂದರೆ, ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರದ ತಳಿ ಬ್ಯಾಡಗಿಯ ಹೆಸರಿನಿಂದಲೇ ಖ್ಯಾತವಾಯಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆಯಿತು. ಬಂದವರನ್ನು ಮನೆಯವರನ್ನಾಗಿ ಮಾಡಿಕೊಳ್ಳುವ ಗುಣ ಈ ಅಡುಗೆಮನೆಗಿದೆ.

ಆದರೆ ಬಂದದ್ದನ್ನೆಲ್ಲ ಅದು ಒಪ್ಪಲಿಲ್ಲ. 1964ರಲ್ಲಿ ಸಿಎಸ್‌ಎಚ್-1 ಎಂಬ ಸಂಕರಣ ಜೋಳ ಬಿಡುಗಡೆಯಾಯಿತು. ಹೈಬ್ರಿಡ್ ಜೋಳದಿಂದ ಇಳುವರಿಯೇನೋ ಹೆಚ್ಚಿತು. ಆದರೆ ಕಣಿಕೆ ಗಿಡ್ಡ, ಮಳೆಗೆ ಸಿಕ್ಕ ಕಾಳಿಗೆ ಬೂಸು, ರೊಟ್ಟಿಗೆ ಹಳೆಯ ರುಚಿಯಿಲ್ಲ ಎಂಬ ದೂರು ಉಳಿಯಿತು. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ‘ಮಾಲದಂಡಿ’ (ಎಂ 35-1) ಬಿಳಿಜೋಳಕ್ಕೆ ಇಂದಿಗೂ ಹಿಂಗಾರಿನಲ್ಲಿ ಬೇಡಿಕೆ ಇರುವುದಕ್ಕೆ ರೊಟ್ಟಿ ಬಡಿಯುವ ಕೈಗಳ ತೀರ್ಪೂ ಒಂದು ಕಾರಣ.

ಈಚಿನ ದಶಕಗಳಲ್ಲಿ ಹಾವೇರಿ ಜಿಲ್ಲೆಯ ಹೊಲಗಳ ಬಣ್ಣವೇ ಬದಲಾಗಿದೆ. ಗೋವಿನಜೋಳ ಎಲ್ಲೆಡೆ ಹಬ್ಬಿದೆ. ಅದರ ಜೊತೆಗೆ ಹತ್ತಿ. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾಗಿದೆ. ಗೋವಿನಜೋಳ ಹೆಚ್ಚಾಗಿ ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ. ಅದು ಜೋಳದ ಹೊಲ ಹಿಡಿಯಿತು, ಆದರೆ ರೊಟ್ಟಿ ಬುಟ್ಟಿಯಲ್ಲಿ ಜೋಳದ ಜಾಗ ಹಿಡಿಯಲಿಲ್ಲ. ಪರಿಣಾಮ, ಒಂದು ಕಾಲಕ್ಕೆ ತಮ್ಮ ಹೊಲದ ಕಾಳಿನಿಂದ ರೊಟ್ಟಿ ಮಾಡುತ್ತಿದ್ದ ಎಷ್ಟೋ ಮನೆಗಳು ಈಗ ಸಂತೆಯಲ್ಲಿ ಜೋಳ ಕೊಳ್ಳುತ್ತವೆ.

ಕನಕದಾಸರು ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಈಗ ಬ್ಯಾಡಗಿ ತಾಲ್ಲೂಕಿನಲ್ಲಿರುವ ಕಾಗಿನೆಲೆಯ ಆದಿಕೇಶವನನ್ನು ಹಾಡಿದವರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂಬ ಜಗಳ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ಕೆಡದೆ ಉಳಿಯುವುದೇ ಹಿರಿಮೆ ಎಂಬ ಆ ತೀರ್ಪನ್ನು ಬರ ಕಂಡ ಸೀಮೆಯ ಜನ ಚೆನ್ನಾಗಿ ಬಲ್ಲರು. ಒರಟು ಧಾನ್ಯವೆಂದು ಮೂಗು ಮುರಿಯುತ್ತಿದ್ದ ಜಗತ್ತು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳ, ಸಜ್ಜೆ, ರಾಗಿ ಮೂರೂ ಆ ಪಟ್ಟಿಯಲ್ಲಿದ್ದವು.

ಹೊಗೆಯ ನೆನಪು

ಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ, ಉಂಡಿ, ಒಡಹುಟ್ಟಿದವರ ಮುಖ. ಗಂಡನ ಮನೆಯಲ್ಲಿ ಅತ್ತೆಯ ಹದಕ್ಕೆ ರೊಟ್ಟಿ ಬಡಿಯುತ್ತಿದ್ದವಳು ತವರಿನ ಒಲೆಯ ಮುಂದೆ ಮತ್ತೆ ಅವ್ವನ ಹದಕ್ಕೆ ಮರಳುತ್ತಾಳೆ. ಹೀಗೆ ಒಂದೊಂದು ಮನೆಯ ರೊಟ್ಟಿಯಲ್ಲೂ ಎರಡು ಊರುಗಳ ಪಾಠ ಬೆರೆಯುತ್ತದೆ.

ಆದರೆ ನೆನಪು ಸಿಹಿಯಾಗಿರುವುದು ಉಂಡವರಿಗೆ. ಬಡಿದವರಿಗೆ ಅದು ನಸುಕಿನ ನಿದ್ದೆ, ಕಣ್ಣು ಉರಿಸುವ ಹೊಗೆ, ಸುಟ್ಟ ಬೆರಳು, ಸೋತ ಸೊಂಟ. ಸಾಲಿಯಿಂದ ಬಿಡಿಸಿ ಒಲೆಯ ಮುಂದೆ ಕೂರಿಸಿದ ಹುಡುಗಿಯರೂ ಉಂಟು. ‘ಈಗಿನವರಿಗೆ ರೊಟ್ಟಿ ಬರುವುದಿಲ್ಲ’ ಎಂದು ಮೊಮ್ಮಗಳನ್ನು ದೂರುವಾಗ ಇದನ್ನು ಮರೆಯುವಂತಿಲ್ಲ. ಮಗನಿಗೆ ಯಾರೂ ಕಲಿಸಲಿಲ್ಲ ಎಂಬುದನ್ನೂ!

ಇನ್ನೊಂದು ಮಾತು. ಬೀರುವ ರೊಟ್ಟಿ ಯಾವ ಓಣಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಊರಿನ ಜಾತಿಯ ಗೆರೆಗಳೂ ಕಾಣಿಸುತ್ತಿದ್ದವು. ನೆರೆಯ ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ಈ ಗೆರೆಗಳನ್ನು ಅಳಿಸುವ ಪ್ರಯತ್ನವಾಗಿ ಪ್ರಸಿದ್ಧ. ಅಲ್ಲಿ ಎಲ್ಲ ಸಮುದಾಯದವರೂ ಒಟ್ಟಿಗೆ ಕುಳಿತು ರೊಟ್ಟಿ, ಕರಿಹಿಂಡಿ ಉಣ್ಣುತ್ತಾರೆ.

ಇಂದು ಕಡಕ್ ರೊಟ್ಟಿ ಅಂಗಡಿಯ ಸರಕು. ರೊಟ್ಟಿ ಬಡಿದು ಎಣಿಕೆಯ ಲೆಕ್ಕದಲ್ಲಿ ಮಾರಿ ಸಂಸಾರ ನಡೆಸುವ ಮಹಿಳೆಯರು, ಸ್ವಸಹಾಯ ಸಂಘಗಳು ಉತ್ತರ ಕರ್ನಾಟಕದ ತುಂಬ ಇವೆ. ಯಂತ್ರಗಳೂ ಬಂದಿವೆ. ಕೂಲಿಯಿಲ್ಲದ ದುಡಿಮೆಗೆ ಬೆಲೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಪೊಟ್ಟಣದ ರೊಟ್ಟಿಗಳೆಲ್ಲ ಒಂದೇ ಅಳತೆ, ಒಂದೇ ರುಚಿ. ಅಲ್ಲಿ ‘ಇದು ಇಂಥವರ ಮನೆಯದು’ ಎಂದು ಗುರುತಿಸುವ ಆಟವಿಲ್ಲ.

ಅಜ್ಜಿಯ ಪಾಠವನ್ನು ಉಳಿಸಿಕೊಳ್ಳುವುದು ಹೇಗೆ? ಬರೆದಿಟ್ಟರೆ ಅರ್ಧ ಮಾತ್ರ ಉಳಿದೀತು, ಉಳಿದರ್ಧ ಕೈಯಲ್ಲಿದೆ. ಈ ಪಂಚಮಿಗೆ ಮನೆಯ ಮಗಳೂ ಮಗನೂ ಒಂದು ಬೆಳಗು ಆಕೆಯ ಪಕ್ಕದಲ್ಲಿ ಕುಳಿತರೆ ಸಾಕು. ಮೊದಲ ರೊಟ್ಟಿ ಸೊಟ್ಟಗಾದೀತು, ಅಂಚು ಸೀಳೀತು. ಅದನ್ನೂ ತಾಟಿನಲ್ಲಿಟ್ಟು ಪಕ್ಕದ ಮನೆಗೆ ಬೀರಬಹುದು. ತಾಟು ಬರಿದಾಗಿ ಮರಳುವುದಿಲ್ಲ.