ಬಿಸಿಲೇ ಕಟ್ಟುವ ಮಳೆ

ನಂಜನಗೂಡು ತಾಲ್ಲೂಕಿನ ಹೆಡತಲೆಗೆ ಹೋದವರು ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇಗುಲ ನೋಡಿ ಬರುತ್ತಾರೆ. ಯುಗಾದಿಯ ಆಸುಪಾಸಿನಲ್ಲಿ ಹೋದರೆ ಸುತ್ತಲಿನ ಹೊಲಗಳನ್ನೂ ನೋಡಬೇಕು. ಹೊನ್ನಾರು ಹೂಡಿದ ಈ ಸೀಮೆಯ ಬೇಸಾಯಗಾರರ ಕಣ್ಣು ಆಗ ಮುಗಿಲ ಮೇಲೆ. ನಾಲೆ ನೀರು ಕಾಣದ ಹೊಲಗಳಿಗೆ ಅಶ್ವಿನಿ, ಭರಣಿ ಮಳೆಗಳೇ ಗತಿ. ಹದಮಳೆ ಬಿದ್ದರೆ ಅಲಸಂದೆ, ಹೆಸರು, ಉದ್ದು, ಎಳ್ಳು, ಹತ್ತಿಯ ಬಿತ್ತನೆ ಶುರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

2024ರಲ್ಲಿ ಆ ಮಳೆ ಕಾಯಿಸಿ ಸುಸ್ತು ಮಾಡಿತು. ಹಿಂದಿನ ಮುಂಗಾರು ಎಲ್‌ ನಿನೊ ಹೊಡೆತಕ್ಕೆ ಸಿಕ್ಕಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಏಪ್ರಿಲ್‌ 28ರಂದು ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 38.5 ಡಿಗ್ರಿ ಸೆಲ್ಸಿಯಸ್‌ ತಾಪ. ಆ ತಿಂಗಳಿಡೀ ಅಲ್ಲಿ ಮಳೆಯ ಲೆಕ್ಕ ಸೊನ್ನೆ. ಮೇ ತಿಂಗಳಲ್ಲಿ ಹವೆ ತಿರುಗಿತು. ಜುಲೈ ಹೊತ್ತಿಗೆ ಕಬಿನಿ ಜಲಾಶಯ ತುಂಬಿ, ನಂಜನಗೂಡಿನ ಸ್ನಾನಘಟ್ಟ ಕಪಿಲೆಯಲ್ಲಿ ಮುಳುಗಿತ್ತು.

ಬೇಗೆಯಲ್ಲಿ ಮಂಜುಗಡ್ಡೆ

ನಮ್ಮ ಬಯಲಿಗೆ ಹಿಮ ಬೀಳುವುದಿಲ್ಲ, ಆಲಿಕಲ್ಲು ಬೀಳುತ್ತದೆ. ಅದೂ ಚಳಿಗಾಲದಲ್ಲಲ್ಲ, ಸುಡುಬೇಸಿಗೆಯಲ್ಲಿ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದಲೋ ಬಂಗಾಳ ಕೊಲ್ಲಿಯ ಕಡೆಯಿಂದಲೋ ತೇವ ಬಂದು ಸೇರಿದರೆ ಮಧ್ಯಾಹ್ನದ ನಂತರ ಕರಿಮೋಡ ಹತ್ತು ಕಿಲೋಮೀಟರಿಗೂ ಎತ್ತರ ಬೆಳೆಯುತ್ತದೆ. ಬೇಸಿಗೆಯಲ್ಲೂ ಸುಮಾರು ಐದು ಕಿಲೋಮೀಟರ್‌ ಮೇಲೆ ಉಷ್ಣಾಂಶ ಸೊನ್ನೆಗಿಂತ ಕೆಳಗೇ ಇರುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಕಣಕ್ಕೆ ತಣ್ಣನೆಯ ಹನಿಗಳು ಪದರ ಪದರವಾಗಿ ಮೆತ್ತಿಕೊಳ್ಳುತ್ತವೆ. ಏರುಗಾಳಿ ತಡೆಯಲಾರದಷ್ಟು ಭಾರವಾದಾಗ ಕಲ್ಲು ನೆಲಕ್ಕೆ ಬೀಳುತ್ತದೆ. ಬಿತ್ತನೆಯ ಹದ ತರುವ ಬಿಸಿಲೇ ಬಾಳೆ ತೋಟ ಮಲಗಿಸುವ ಬಿರುಗಾಳಿಯನ್ನೂ ಕಟ್ಟುತ್ತದೆ. ರಸಬಾಳೆಗೆ ಹೆಸರಾದ ಸೀಮೆಯಲ್ಲಿ ಗೊನೆ ಹೊತ್ತ ಗಿಡ ಮುರಿದರೆ ವರ್ಷದ ದುಡಿಮೆ ಒಂದು ಗಳಿಗೆಯಲ್ಲಿ ಮಣ್ಣುಪಾಲು.

ಎರಡು ಮಳೆ, ಎರಡು ಲೆಕ್ಕ

ಕಬಿನಿ ತುಂಬುವುದು ವಯನಾಡಿನ ಮುಂಗಾರಿನಿಂದ. ಅಣೆಕಟ್ಟೆಯ ಮಟ್ಟ 2,284 ಅಡಿ ಮುಟ್ಟಿತೆಂದರೆ ನಂಜನಗೂಡು, ತಿ.ನರಸೀಪುರದ ನಾಲೆ ಬಯಲಿನ ಭತ್ತಕ್ಕೆ ಭರವಸೆ. ಬೇಸಿಗೆ ಮಳೆಗೆ ಅಂಥ ಅಳತೆಗೋಲಿಲ್ಲ. ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಹೋಗುವ ಮಳೆ ಅದು. ಜಿಲ್ಲೆಗೆಲ್ಲ ಒಂದೇ ಸಾಲಿನ ಮುನ್ಸೂಚನೆ ಹೊಲದಲ್ಲಿ ನಿಂತವರ ಉಪಯೋಗಕ್ಕೆ ಬರುವುದಿಲ್ಲ.

ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ‘ವರುಣಮಿತ್ರ’ ಸಹಾಯವಾಣಿಯಿದೆ, ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಆ್ಯಪ್ ಇದೆ. ಸ್ಮಾರ್ಟ್‌ಫೋನ್‌ ಇಲ್ಲದ ಕೂಲಿ ಹೆಂಗಸಿಗೂ ದನ ಮೇಯಿಸುವ ಅಜ್ಜನಿಗೂ ಇವುಗಳ ಮಾಹಿತಿ ಮುಟ್ಟಬೇಕು. ಮೋಡ ಕಟ್ಟಿದ ಮಧ್ಯಾಹ್ನ ಪಂಚಾಯಿತಿಯ ಧ್ವನಿವರ್ಧಕದಲ್ಲಿ ಎಚ್ಚರಿಕೆ ಸಾರಿದರೆ ಮರದಡಿ ನಿಂತವರು ಮನೆ ಸೇರುತ್ತಾರೆ, ಕಣದಲ್ಲಿ ಹರಡಿದ ಕಾಳು ಒಳಗೆ ಬರುತ್ತದೆ. ಬದು ಗಟ್ಟಿ ಮಾಡಿ, ಮಾಗಿ ಉಳುಮೆ ಮಾಡಿಟ್ಟ ಹೊಲ ಬಿದ್ದ ಮಳೆಯನ್ನು ಹಿಡಿದುಕೊಳ್ಳುತ್ತದೆ. ತೋಟದ ಅಂಚಿನ ಮರಗಳ ಸಾಲು ಗಾಳಿಯ ಬಿರುಸು ತಗ್ಗಿಸುತ್ತದೆ. ಅಣೆಕಟ್ಟೆಯ ನೀರಿಗೆ ತೋರುವ ಕಾಳಜಿಯನ್ನು ಹೊಲದ ಮೇಲಿನ ಈ ಮೊದಲ ಮಳೆಗೂ ನಾವು ತೋರಬೇಕು.