ನಿಮಿರು ದೌರ್ಬಲ್ಯ: ಮುಚ್ಚಿಡಬೇಡಿ, ಪರೀಕ್ಷಿಸಿಕೊಳ್ಳಿ

ಪುರುಷರು ಪತ್ನಿಯ ಬಳಿಯೂ ಹೇಳಿಕೊಳ್ಳದ ತೊಂದರೆ ನಿಮಿರು ದೌರ್ಬಲ್ಯ. ಆಯಾಸ, ನಿದ್ದೆಗೇಡಿನಿಂದ ಒಮ್ಮೊಮ್ಮೆ ಹೀಗಾಗುವುದು ಸಹಜ. ಕೆಲವು ವಾರ ಕಳೆದರೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಿರಿ.

ಶಿಶ್ನ ನಿಮಿರುವುದು ಅದರೊಳಗೆ ರಕ್ತ ತುಂಬುವುದರಿಂದ. ಅಲ್ಲಿನ ರಕ್ತನಾಳಗಳ ಅಗಲ ಸುಮಾರು 1ರಿಂದ 2 ಮಿ.ಮೀ.; ಹೃದಯದ ರಕ್ತನಾಳಗಳದ್ದು 3ರಿಂದ 4 ಮಿ.ಮೀ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್, ಬೀಡಿ-ಸಿಗರೇಟುಗಳಿಂದ ನಾಳಗಳು ಕೆಟ್ಟರೆ ತೊಂದರೆ ಮೊದಲು ಕಾಣುವುದು ಸಣ್ಣ ನಾಳಗಳಲ್ಲಿ. ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಇದು ಬರುವುದುಂಟು. ಆದ್ದರಿಂದ ಇದನ್ನು ಹೃದಯದ ಮುನ್ಸೂಚನೆಯೆಂದು ತಿಳಿದು ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ.

ಬೆಳಗ್ಗೆ ಏಳುವಾಗ ನಿಮಿರುವಿಕೆ ಇದ್ದು, ಪತ್ನಿಯ ಜೊತೆಗಿರುವಾಗ ಮಾತ್ರ ಇಲ್ಲವಾದರೆ ಚಿಂತೆ, ಭಯ ಕಾರಣವಿರಬಹುದು. ಇದಕ್ಕೆ ಆಪ್ತ ಸಮಾಲೋಚನೆ ನೆರವಾಗುತ್ತದೆ. ಬಿ.ಪಿ., ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಅವನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರು ಬದಲಿಸಿಕೊಡಬಲ್ಲರು.

ಧೂಮಪಾನ ಬಿಡುವುದು, ದಿನವೂ ನಡೆಯುವುದು, ತೂಕ ಇಳಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. 1998ರಿಂದ ಬಳಕೆಯಲ್ಲಿರುವ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಫಲ ಕೊಡುತ್ತದೆ. ಆದರೆ ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ಸೇವಿಸುವವರು ಇದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಜಾಹೀರಾತಿನ ‘ಶಕ್ತಿವರ್ಧಕ’ಗಳನ್ನು ನಂಬಬೇಡಿ. ಅಂಥ ಕೆಲವದರಲ್ಲಿ ಇದೇ ಔಷಧಿಯನ್ನು ಗುಟ್ಟಾಗಿ ಬೆರೆಸಿರುವುದು ಪತ್ತೆಯಾಗಿದೆ.

ಸಹೋದರರೇ, ನಾಚಿಕೆಯಿಂದ ನೀವು ದೂರ ಸರಿದರೆ ಪತ್ನಿ ಅದನ್ನು ಪ್ರೀತಿಯ ಕೊರತೆ ಎಂದುಕೊಳ್ಳುತ್ತಾಳೆ. ಸಹೋದರಿಯರೇ, ಪತಿಯನ್ನು ಹಂಗಿಸಬೇಡಿ, ವೈದ್ಯರ ಬಳಿಗೆ ಜೊತೆಯಾಗಿ ಹೋಗಿ.